ರಿಕಾಪು ಮೂಳೆ ಬಿಗಿದಾಗ: ಆಪರೇಷನ್ನಾ, ಕಿವಿ ಮಿಷಿನ್ನಾ, ಕಾಯೋದಾ?

ಓಟೋಸ್ಕ್ಲಿರೋಸಿಸ್ (ಕಿವಿಯೊಳಗಿನ ಪುಟ್ಟ ಮೂಳೆ ಬಿಗಿದು ಕೇಳುವುದು ಕಡಿಮೆಯಾಗುವ ಕಾಯಿಲೆ) ಎಂದು ಡಾಕ್ಟರು ಹೇಳಿದ ಮೇಲೆ ನನಗೆ ಫೋನ್ ಮಾಡುವವರು ಬಹುಪಾಲು ಒಂದೇ ಪ್ರಶ್ನೆ ಕೇಳುತ್ತಾರೆ. ಆಪರೇಷನ್ ಮಾಡಿಸಲಾ, ಕಿವಿ ಮಿಷಿನ್ ಹಾಕಿಸಿಕೊಳ್ಳಲಾ? ಒಬ್ಬ ಡಾಕ್ಟರು ಒಂದು ಹೇಳಿರುತ್ತಾರೆ, ಇನ್ನೊಬ್ಬರು ಇನ್ನೊಂದು. ಮನೆಯವರಿಗೆ ಆಪರೇಷನ್ ಅಂದರೆ ಭಯ, ತಮಗೆ ಮಿಷಿನ್ ಅಂದರೆ ಸಂಕೋಚ. ನನ್ನ ಎಡಗಿವಿಗೆ ಆಪರೇಷನ್ ಆಗಿದೆ, ಬಲಗಿವಿಯಲ್ಲಿ ಮಿಷಿನ್ ಇದೆ. ಹಾಗಾಗಿ ಎರಡೂ ಕಡೆಯ ಮಾತು ಹೇಳಬಲ್ಲೆ. ನಾನು ಶಾಲೆಯ ಟೀಚರ್, ಡಾಕ್ಟರಲ್ಲ. ನಿಮ್ಮ ಕಿವಿಯ ಬಗ್ಗೆ ಕೊನೆಯ ಮಾತು ನಿಮ್ಮ ಇಎನ್‌ಟಿ ಡಾಕ್ಟರದ್ದೇ. ಆದರೆ ಅವರ ಮುಂದೆ ಕೂರುವ ಹೊತ್ತಿಗೆ ಏನು ಕೇಳಬೇಕು ಅನ್ನೋದು ನಿಮಗೆ ಗೊತ್ತಿದ್ದರೆ ಅರ್ಧ ಗೊಂದಲ ಅಲ್ಲೇ ಹೋಗುತ್ತದೆ.

ಮೊದಲಿಗೆ ಒಂದು ಧೈರ್ಯದ ಮಾತು. ಇದು ಅವಸರದ ಕಾಯಿಲೆಯಲ್ಲ. ವರ್ಷಗಟ್ಟಲೆ ನಿಧಾನವಾಗಿ ಬೆಳೆಯುತ್ತದೆ. ಯೋಚಿಸಲು ಟೈಮ್ ಇದೆ. ರಾತ್ರಿ ಮಲಗಿ ಬೆಳಗ್ಗೆ ಏಳುವಷ್ಟರಲ್ಲಿ ಕಿವಿ ಹೋಗಿದ್ದರೆ ಅದು ಬೇರೆಯೇ ತೊಂದರೆ, ಅದಕ್ಕೆ ಅವತ್ತೇ ಆಸ್ಪತ್ರೆಗೆ ಓಡಬೇಕು.

ಬಾಗಿಲು ಕಚ್ಚಿಕೊಂಡ ಹಾಗೆ

ಕಿವಿತಮಟೆಯ ಹಿಂದೆ ಮೂರು ಪುಟ್ಟ ಮೂಳೆಗಳಿವೆ. ಸುತ್ತಿಗೆ, ಅಡಿಗಲ್ಲು, ರಿಕಾಪು. ಶಾಲೆಯ ಪಾಠದಲ್ಲಿ ಓದಿರುತ್ತೀರಿ. ರಿಕಾಪು ನಮ್ಮ ದೇಹದ ಅತಿ ಚಿಕ್ಕ ಮೂಳೆ, ಎತ್ತರ ಸುಮಾರು 3 ಮಿಲಿಮೀಟರ್. ಅದರ ಪಾದ ಒಳಕಿವಿಯ ಕಿಂಡಿಯಲ್ಲಿ ಕೂತು ಅಲುಗಾಡುತ್ತ, ಹೊರಗಿನ ಸದ್ದನ್ನು ಒಳಗಿನ ದ್ರವಕ್ಕೆ ದಾಟಿಸುತ್ತದೆ. ಓಟೋಸ್ಕ್ಲಿರೋಸಿಸ್ ಇದ್ದವರಿಗೆ ಆ ಕಿಂಡಿಯ ಸುತ್ತ ಮೂಳೆ ಬೇಡದ ರೀತಿಯಲ್ಲಿ ಬೆಳೆಯುತ್ತದೆ. ಮಳೆಗಾಲದಲ್ಲಿ ಉಬ್ಬಿದ ಬಾಗಿಲು ಚೌಕಟ್ಟಿಗೆ ಕಚ್ಚಿಕೊಳ್ಳುತ್ತದಲ್ಲ, ಹಾಗೆ ರಿಕಾಪಿನ ಪಾದ ಅಲ್ಲೇ ಬಿಗಿದುಕೊಳ್ಳುತ್ತದೆ. ಸದ್ದು ಬಾಗಿಲ ತನಕ ಬರುತ್ತದೆ, ಒಳಗೆ ಹೋಗುವುದಿಲ್ಲ.

ಸಾಮಾನ್ಯವಾಗಿ 20ರಿಂದ 45ರೊಳಗಿನ ವಯಸ್ಸಿನಲ್ಲಿ ಗೊತ್ತಾಗುತ್ತದೆ. ಗಂಡಸರಿಗಿಂತ ಹೆಂಗಸರಲ್ಲಿ ಜಾಸ್ತಿ. ಹೆಚ್ಚಿನವರಿಗೆ ಎರಡೂ ಕಿವಿಗೆ ಬರುತ್ತದೆ, ಒಂದು ಮುಂದೆ, ಒಂದು ಹಿಂದೆ. ಮನೆತನದಲ್ಲಿ ಹರಿದು ಬರುವುದೂ ಉಂಟು. ನಮ್ಮ ಅಮ್ಮನಿಗೆ ಎರಡನೇ ಹೆರಿಗೆಯಾದ ಮೇಲೆ ಕಿವಿ ಮಂದವಾಯಿತು. "ಬಾಣಂತನದಲ್ಲಿ ಗಾಳಿ ಹೊಕ್ಕಿದೆ" ಎಂದು ಹತ್ತಿ ತುರುಕಿದರು, ಅಷ್ಟೇ. ಬಸಿರಿನಿಂದ ಇದು ಹೆಚ್ಚುತ್ತದೆ ಎಂದು ಡಾಕ್ಟರುಗಳೂ ಬಹುಕಾಲ ಹೇಳುತ್ತಿದ್ದರು. ಆಮೇಲಿನ ಹಲವು ಅಧ್ಯಯನಗಳು ಅದನ್ನು ಒಪ್ಪಿಲ್ಲ. ಆದ್ದರಿಂದ ಕಿವಿಯ ಭಯಕ್ಕೆ ಯಾರೂ ಮಗು ಬೇಡ ಅನ್ನಬೇಕಿಲ್ಲ.

ನನ್ನ ಎರಡು ವರ್ಷ ಹೋದದ್ದು ಎಲ್ಲಿ

ನಮ್ಮೂರಿನ ಒಂದು ಕ್ಲಿನಿಕ್ಕಿನಲ್ಲಿ ಎರಡು ವರ್ಷ ನನಗೆ ಗುಗ್ಗೆ ತೆಗೆದರು, ಡ್ರಾಪ್ಸ್ ಕೊಟ್ಟರು, ಶೀತದ ಮಾತ್ರೆ ಕೊಟ್ಟರು. "ತಮಟೆ ಚೆನ್ನಾಗಿದೆ, ಏನೂ ಇಲ್ಲ" ಎಂದರು. ತಮಟೆ ಚೆನ್ನಾಗಿ ಇದ್ದೂ ಕಿವಿ ಕೇಳದಿರುವುದೇ ಈ ಕಾಯಿಲೆಯ ಲಕ್ಷಣ ಎಂದು ನನಗೆ ಆಗ ಯಾರೂ ಹೇಳಲಿಲ್ಲ. ಕಿವಿ ಸೋರಿಲ್ಲ, ನೋವಿಲ್ಲ, ಆದರೂ ಕೇಳುವುದು ಕಡಿಮೆಯಾಗುತ್ತಿದೆ, ಗುಂಯ್ ಅನ್ನುವ ಸದ್ದು ಬಿಡುತ್ತಿಲ್ಲ ಅಂದರೆ ಸುಮ್ನೆ ಡ್ರಾಪ್ಸ್ ಹಾಕುತ್ತ ಕೂರಬೇಡಿ.

ಮನೆಯಲ್ಲೇ ಗಮನಿಸಬಹುದಾದ ಕೆಲವು ಗುರುತುಗಳಿವೆ. ಅಡುಗೆಮನೆಯಲ್ಲಿ ಮಿಕ್ಸಿ ಓಡುವಾಗ, ಬಸ್ಸಿನ ಗದ್ದಲದಲ್ಲಿ ನನಗೆ ಮಾತು ಚೆನ್ನಾಗಿ ಕೇಳುತ್ತಿತ್ತು. ಆ ಸದ್ದು ನನ್ನನ್ನು ಅಷ್ಟಾಗಿ ಕಾಡುತ್ತಿರಲಿಲ್ಲ, ಬೇರೆಯವರು ಮಾತ್ರ ಅದನ್ನು ಮೀರಿಸಲು ಗಂಟಲೇರಿಸುತ್ತಿದ್ದರು. ಚಕ್ಕುಲಿ ಅಗಿಯುವಾಗ ಎದುರಿನವರ ಮಾತು ಪೂರ್ತಿ ಮುಳುಗಿಹೋಗುತ್ತಿತ್ತು. ನನ್ನ ದನಿ ನನಗೆ ತಲೆಬುರುಡೆಯ ಮೂಲಕ ಜೋರಾಗಿ ಕೇಳುತ್ತಿದ್ದದ್ದರಿಂದ ನಾನು ಮೆಲ್ಲಗೆ ಮಾತಾಡುತ್ತಿದ್ದೆ. ಹಿಂದಿನ ಬೆಂಚಿನ ಮಕ್ಕಳು "ಮಿಸ್, ಜೋರಾಗಿ ಹೇಳಿ" ಅನ್ನುತ್ತಿದ್ದರು. ಬಾಯಿ ಮುಚ್ಚಿ "ಮ್ ಮ್" ಎಂದು ಗುನುಗಿದರೆ ಕೆಟ್ಟ ಕಿವಿಯ ಕಡೆಗೇ ಸದ್ದು ಎಳೆದಂತಾಗುತ್ತಿತ್ತು.

ಡಾಕ್ಟರು ಮಾಡುವ ಟ್ಯೂನಿಂಗ್ ಫೋರ್ಕ್ ಪರೀಕ್ಷೆಯೂ ಇದೇ ತತ್ವದ್ದು. 512 ಹರ್ಟ್ಸ್‌ನ ಫೋರ್ಕನ್ನು ಕಿವಿಯ ಹಿಂದಿನ ಮೂಳೆಗೆ ಒತ್ತುತ್ತಾರೆ, ಆಮೇಲೆ ಕಿವಿಯ ಮುಂದೆ ಹಿಡಿಯುತ್ತಾರೆ. ಆರೋಗ್ಯದ ಕಿವಿಗೆ ಮುಂದೆ ಹಿಡಿದಾಗ ಜೋರು. ರಿಕಾಪು ಚೆನ್ನಾಗಿ ಬಿಗಿದಿದ್ದರೆ ಹಿಂದೆ ಒತ್ತಿದಾಗಲೇ ಜೋರು. ಎರಡು ನಿಮಿಷದ ಈ ಪರೀಕ್ಷೆಯನ್ನು ಮಾಡದೆ ಆಪರೇಷನ್ ಮಾತೆತ್ತುವವರ ಬಳಿ ನಾನಾದರೆ ಇನ್ನೊಮ್ಮೆ ಹೋಗುವುದಿಲ್ಲ.

ಆಮೇಲೆ ಆಡಿಯೋಗ್ರಾಮ್, ಅಂದರೆ ನಿಮಗೆ ಎಷ್ಟು ಕೇಳುತ್ತದೆ ಎಂದು ತೋರಿಸುವ ನಕ್ಷೆ. ಇದನ್ನು ನೀವೇ ಓದಲು ಕಲಿಯಿರಿ, ಕಷ್ಟವಿಲ್ಲ. ಕೆಂಪು ಬಲಗಿವಿ, ನೀಲಿ ಎಡಗಿವಿ. ಪ್ರತಿ ಕಿವಿಗೂ ಎರಡು ಗೆರೆ. ಸೊನ್ನೆ ಅಥವಾ ಇಂಟು ಗುರುತಿನ ಗೆರೆ ಗಾಳಿಯ ದಾರಿ, ಅಂದರೆ ಹೆಡ್‌ಫೋನಿನಲ್ಲಿ ನಿಮಗೆ ಕೇಳಿದ್ದು. ಬಾಣದ ತುದಿ ಅಥವಾ ಚೌಕ ಆವರಣದ ಗುರುತು ಮೂಳೆಯ ದಾರಿ, ಅಂದರೆ ಕಿವಿಯ ಹಿಂದೆ ಒತ್ತಿಟ್ಟ ಸಾಧನದಿಂದ ಕೇಳಿದ್ದು. ಗೆರೆ ಕೆಳಗಿಳಿದಷ್ಟೂ ಕೇಳುವುದು ಕಡಿಮೆ. ಮೂಳೆಯ ಗೆರೆ ಮೇಲಿದ್ದು ಗಾಳಿಯ ಗೆರೆ ಕೆಳಗಿದ್ದರೆ, ಒಳಕಿವಿ ಚೆನ್ನಾಗಿದೆ, ದಾರಿ ಮಾತ್ರ ಮುಚ್ಚಿದೆ ಎಂದರ್ಥ. ಆಪರೇಷನ್ ನಿಮಗೆ ವಾಪಸ್ ಕೊಡಬಲ್ಲದ್ದು ಹೆಚ್ಚುಕಡಿಮೆ ಈ ಎರಡು ಗೆರೆಗಳ ನಡುವಿನ ಅಂತರವನ್ನು ಮಾತ್ರ. ಮೂಳೆಯ ಗೆರೆಯೇ ಕುಸಿದಿದ್ದರೆ ಆ ನಷ್ಟವನ್ನು ಕತ್ತರಿ ಸರಿಮಾಡಲಾರದು. 2000 ಹರ್ಟ್ಸ್ ಹತ್ತಿರ ಮೂಳೆಯ ಗೆರೆ ಸ್ವಲ್ಪ ತಗ್ಗಿರುತ್ತದೆ, ಅದಕ್ಕೆ ಹೆದರಬೇಡಿ. ಅದು ಈ ಕಾಯಿಲೆಯ ಗುರುತೇ. ಆಪರೇಷನ್ ಆದ ಮೇಲೆ ಹಲವರಲ್ಲಿ ಮೇಲೇರುತ್ತದೆ.

ಮಾತು ಗುರುತಿಸುವ ಪರೀಕ್ಷೆಯನ್ನು ಕನ್ನಡ ಪದಗಳಲ್ಲೇ ಮಾಡಲು ಕೇಳಿ. ಗೊತ್ತಿಲ್ಲದ ಭಾಷೆಯ ಪದ ತಪ್ಪಾಗಿ ಹೇಳಿದರೆ ಅದು ಕಿವಿಯ ತಪ್ಪಲ್ಲ, ಅಲ್ವಾ? ಟಿಂಪನೋಮೆಟ್ರಿ (ತಮಟೆ ಎಷ್ಟು ಅಲುಗುತ್ತದೆ ಎಂದು ನೋಡುವುದು) ಜೊತೆಗೆ ರಿಫ್ಲೆಕ್ಸ್ (ಜೋರು ಸದ್ದಿಗೆ ಕಿವಿಯೊಳಗಿನ ಸ್ನಾಯು ಬಿಗಿಯುವುದು) ಪರೀಕ್ಷೆಯನ್ನೂ ಮಾಡಿಸಿ. ರಿಕಾಪು ಬಿಗಿದಿದ್ದರೆ ರಿಫ್ಲೆಕ್ಸ್ ಬರುವುದಿಲ್ಲ. ಅದು ಚೆನ್ನಾಗಿಯೇ ಬರುತ್ತಿದ್ದು, ಜೋರು ಸದ್ದಿಗೆ ತಲೆಸುತ್ತು ಬರುತ್ತಿದ್ದು, ಸ್ವಂತ ಎದೆಬಡಿತ ಕಿವಿಯಲ್ಲಿ ಕೇಳುತ್ತಿದ್ದರೆ ಕಾರಣ ಒಳಕಿವಿಯಲ್ಲಿ ಸಮತೋಲ ಕಾಯುವ ಅರೆವೃತ್ತ ನಾಳದ ಮೇಲಿನ ಮೂಳೆಯಲ್ಲಿ ಆದ ತೂತು ಇರಬಹುದು. ಅದಕ್ಕೆ ರಿಕಾಪಿನ ಆಪರೇಷನ್ ಪ್ರಯೋಜನವಿಲ್ಲ. ಇಂಥ ಅನುಮಾನ ಇದ್ದಾಗ ಸಿಟಿ ಸ್ಕ್ಯಾನ್ ಬೇಕು. ಸ್ಕ್ಯಾನಿನಲ್ಲಿ ಏನೂ ಕಾಣಲಿಲ್ಲ ಎಂದ ಮಾತ್ರಕ್ಕೆ ಓಟೋಸ್ಕ್ಲಿರೋಸಿಸ್ ಇಲ್ಲ ಎಂದಲ್ಲ. ಪೂರ್ತಿ ಖಾತ್ರಿಯಾಗುವುದು ಸರ್ಜನ್ ರಿಕಾಪನ್ನು ಮುಟ್ಟಿ ನೋಡಿದಾಗಲೇ.

ಯಾವ ಅಳತೆಯಲ್ಲಿ ತೂಗಬೇಕು

ಆಯ್ಕೆಗಳಿಗೆ ಹೋಗುವ ಮುಂಚೆ ಐದು ವಿಷಯ ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಒಂದು, ಎರಡು ಗೆರೆಗಳ ನಡುವೆ ಎಷ್ಟು ಡೆಸಿಬೆಲ್ (ಸದ್ದಿನ ಅಳತೆ) ಅಂತರ. ಎರಡು, ಇನ್ನೊಂದು ಕಿವಿ ಹೇಗಿದೆ. ಮೂರು, ನಿಮ್ಮ ಕೆಲಸ ಎಂಥದ್ದು, ಮೈ ಸಮತೋಲ ಮತ್ತು ನಾಲಿಗೆಯ ರುಚಿ ಅದಕ್ಕೆ ಎಷ್ಟು ಬೇಕು (ಆಪರೇಷನ್‌ನಿಂದ ಇವೆರಡೂ ಕೆಡಬಹುದು). ನಾಲ್ಕು, ಹಣ ಒಂದೇ ಸಲ ಹೊಂದಿಸಬಲ್ಲಿರಾ ಅಥವಾ ತಿಂಗಳು ತಿಂಗಳು ಸ್ವಲ್ಪ ಸ್ವಲ್ಪವೇ ಸಾಧ್ಯವಾ. ಐದು, ಈ ಆಪರೇಷನ್ ಮಾಡಿ ಪಳಗಿದ ಕೈ ನಿಮಗೆ ಸಿಗುತ್ತದಾ. ನನ್ನ ಪ್ರಕಾರ ಮೊದಲ ಎರಡಕ್ಕೆ ಉಳಿದ ಮೂರಕ್ಕಿಂತ ಜಾಸ್ತಿ ತೂಕ.

ಕಾದು ನೋಡುವುದು

ಅಂತರ 20 ಡೆಸಿಬೆಲ್‌ಗಿಂತ ಕಡಿಮೆ ಇದ್ದು, ದಿನದ ಕೆಲಸಕ್ಕೆ ತೊಂದರೆ ಇಲ್ಲದಿದ್ದರೆ ಕಾಯುವುದೇ ಒಳ್ಳೆಯದು. ಖರ್ಚಿಲ್ಲ, ಅಪಾಯವೂ ಇಲ್ಲ. ವರ್ಷಕ್ಕೊಮ್ಮೆ ಆಡಿಯೋಗ್ರಾಮ್ ಮಾಡಿಸಿ ಹಳೆಯದರ ಪಕ್ಕ ಇಟ್ಟು ನೋಡಿ. ಕಾಗದಗಳನ್ನು ಬಿಸಾಡಬೇಡಿ. ಕಾಯುವುದು ಅಂದರೆ ಮರೆತುಬಿಡುವುದಲ್ಲ. ಕೆಲವರಲ್ಲಿ ರೋಗ ಒಳಕಿವಿಗೂ ಹಬ್ಬಿ ಮೂಳೆಯ ಗೆರೆ ಇಳಿಯುತ್ತದೆ, ಅದು ಗೊತ್ತಾಗುವುದು ಹಳೆಯ ಕಾಗದ ಇದ್ದರೆ ಮಾತ್ರ. ಕಾಯುವ ನೆಪದಲ್ಲಿ ಕಿವಿಗೆ ಬಿಸಿ ಎಣ್ಣೆ ಬಿಡುವುದು ಬೇಡ. ಎಣ್ಣೆ ತಮಟೆಯನ್ನು ದಾಟಿ ಆ ಮೂಳೆಯ ತನಕ ಹೋಗುವುದೇ ಇಲ್ಲ.

ಕಿವಿ ಮಿಷಿನ್

ಹಿಯರಿಂಗ್ ಏಡ್ ಬಗ್ಗೆ ಇರುವ ಕೆಟ್ಟ ಅಭಿಪ್ರಾಯದ ಬಹುಪಾಲು ನರ ಸೋತ ವಯಸ್ಸಾದವರ ಅನುಭವದಿಂದ ಬಂದದ್ದು. ಅವರಿಗೆ ಸದ್ದು ಜೋರಾಗುತ್ತದೆ, ಮಾತು ಸ್ಪಷ್ಟವಾಗುವುದಿಲ್ಲ. ನಮ್ಮ ತೊಂದರೆ ಬೇರೆ. ಒಳಕಿವಿ ಚೆನ್ನಾಗಿರುವವರಿಗೆ ಸದ್ದು ಜೋರಾದರೆ ಸಾಕು, ಮಾತು ತಾನಾಗಿಯೇ ಸ್ಪಷ್ಟ. ಹಾಗಾಗಿ ಈ ಕಾಯಿಲೆಯವರಿಗೆ ಮಿಷಿನ್ ಬಹಳ ಚೆನ್ನಾಗಿ ಹೊಂದುತ್ತದೆ. ದೊಡ್ಡ ಲಾಭ ಇನ್ನೊಂದಿದೆ: ಇರುವ ಕಿವಿ ಕಳೆದುಕೊಳ್ಳುವ ಅಪಾಯ ಇದರಲ್ಲಿ ಇಲ್ಲ. ಬೇಡವೆನಿಸಿದರೆ ತೆಗೆದಿಡಬಹುದು, ಮುಂದೆ ಆಪರೇಷನ್ ಮಾಡಿಸುವ ದಾರಿಯೂ ತೆರೆದೇ ಇರುತ್ತದೆ.

ಕಷ್ಟಗಳನ್ನೂ ಹೇಳುತ್ತೇನೆ. ಬೆವರು, ಮಳೆ, ಹೆಲ್ಮೆಟ್. ಮಲಗುವಾಗ ತೆಗೆಯಬೇಕು, ಆಗ ಮಗು ಅತ್ತದ್ದು ಕೇಳುವುದಿಲ್ಲ. ಕಿವಿಯ ಅಚ್ಚು ಸರಿಯಿಲ್ಲದಿದ್ದರೆ ಕೀಂಯ್ ಎನ್ನುತ್ತದೆ. ರೋಗ ಮುಂದುವರಿದಂತೆ ಸೆಟ್ಟಿಂಗ್ ಬದಲಿಸುತ್ತಿರಬೇಕು, ಆದ್ದರಿಂದ ಆಡಿಯಾಲಜಿಸ್ಟ್ (ಕಿವಿ ಪರೀಕ್ಷಿಸಿ ಮಿಷಿನ್ ಹೊಂದಿಸುವವರು) ಹತ್ತಿರದಲ್ಲಿರಬೇಕು. ಅಂಗಡಿ ದೂರವಿದ್ದರೆ ಅತಿ ದುಬಾರಿ ಮಿಷಿನ್ನೂ ಡಬ್ಬಿಯಲ್ಲಿ ಉಳಿಯುತ್ತದೆ.

ಹಣದ ಲೆಕ್ಕ ಹತ್ತು ವರ್ಷಕ್ಕೆ ಹಾಕಿ. ಮಿಷಿನ್ ಸುಮಾರು ಐದು ವರ್ಷ ಬಾಳುತ್ತದೆ ಎಂದುಕೊಳ್ಳೋಣ. ಒಂದು ಕಿವಿಗೆ 25,000 ರೂಪಾಯಿಯದ್ದು ತೆಗೆದುಕೊಂಡರೆ ಹತ್ತು ವರ್ಷಕ್ಕೆ 50,000. 312 ನಂಬರಿನ ಬ್ಯಾಟರಿ ವಾರಕ್ಕೊಂದು ಹಿಡಿದರೂ ವರ್ಷಕ್ಕೆ 52, ಅಂದರೆ ಆರರ ಪ್ಯಾಕೆಟ್ ಒಂಬತ್ತು. ರಿಪೇರಿ, ಅಚ್ಚು ಬೇರೆ. ಎರಡೂ ಕಿವಿಗೆ ಬೇಕಾದರೆ ಇದರ ಎರಡರಷ್ಟು. ಕಿವಿಯೊಳಗೆ ಅಡಗುವ ಚಿಕ್ಕ ಮಾದರಿಗಳಿಗೆ ಬೆಲೆ ಜಾಸ್ತಿ, ಶಕ್ತಿ ಕಡಿಮೆ. ಅಡಗಿಸುವುದಕ್ಕೆ ಹೆಚ್ಚು ಹಣ ಕೊಡುವ ಬದಲು ಕಿವಿಯ ಹಿಂದೆ ಕೂರುವ ಸಾದಾ ಡಿಜಿಟಲ್ ಮಿಷಿನ್ ತೆಗೆದುಕೊಳ್ಳಿ ಎಂದೇ ನಾನು ಹೇಳುವುದು.

ಕೊಳ್ಳುವ ಮುಂಚೆ ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯ ಹೆಸರು ನೆನಪಿಡಿ. 1965ರಲ್ಲಿ ಶುರುವಾದ ಕೇಂದ್ರ ಸರ್ಕಾರದ ಸಂಸ್ಥೆ ಅದು. ಮಾರುವ ಅಂಗಡಿಯ ಅವಸರವಿಲ್ಲದೆ ಪರೀಕ್ಷೆ ಆಗುತ್ತದೆ. ಅಂಗವಿಕಲರಿಗೆ ಸಾಧನ ಕೊಡುವ ಕೇಂದ್ರದ ಎಡಿಪ್ ಯೋಜನೆಯಲ್ಲಿ ಕಡಿಮೆ ಆದಾಯದವರಿಗೆ ಮಿಷಿನ್ ಉಚಿತವಾಗಿ ಇಲ್ಲವೇ ರಿಯಾಯಿತಿಯಲ್ಲಿ ಸಿಗುತ್ತದೆ, ಆದರೆ ಶೇ. 40ರ ಅಂಗವಿಕಲತೆ ಪ್ರಮಾಣಪತ್ರ ಬೇಕು. ಒಂದೇ ಕಿವಿ ಕೆಟ್ಟವರಿಗೆ ಅಷ್ಟು ಶೇಕಡಾ ಬರುವುದು ಕಷ್ಟ. ಅದನ್ನೇ ನಂಬಿಕೊಂಡು ವರ್ಷ ಕಳೆಯಬೇಡಿ.

ಆಪರೇಷನ್

ಇದು ಹೊಸ ಪ್ರಯೋಗವಲ್ಲ. ರಿಕಾಪು ಬಿಗಿದು ಕಿವುಡಾಗುವುದನ್ನು ಇಟಲಿಯ ವಲ್ಸಾಲ್ವಾ 1704ರಲ್ಲೇ ಬರೆದಿದ್ದರು. 1956ರಲ್ಲಿ ಅಮೆರಿಕದ ಜಾನ್ ಶಿಯಾ ಬಿಗಿದ ರಿಕಾಪನ್ನು ತೆಗೆದು ಟೆಫ್ಲಾನ್‌ನದ್ದನ್ನು ಕೂರಿಸಿದರು. ಈಗ ಹೆಚ್ಚಾಗಿ ಮಾಡುವುದು ಸ್ಟೆಪಿಡಾಟಮಿ. ಕಿವಿಯ ಕೊಳವೆಯ ಮೂಲಕವೇ ಹೋಗಿ ತಮಟೆಯನ್ನು ಮಡಚುತ್ತಾರೆ. ರಿಕಾಪಿನ ಮೇಲ್ಭಾಗ ತೆಗೆದು, ಪಾದದಲ್ಲಿ 1 ಮಿಲಿಮೀಟರಿಗೂ ಚಿಕ್ಕ ತೂತು ಕೊರೆಯುತ್ತಾರೆ. ಅಡಿಗಲ್ಲಿಗೆ ಒಂದು ಪಿಸ್ಟನ್ ನೇತುಹಾಕಿ ಅದರ ತುದಿಯನ್ನು ಆ ತೂತಿಗೆ ಇಳಿಸುತ್ತಾರೆ. ಪಿಸ್ಟನ್ ಉದ್ದ ಸುಮಾರು 4.5 ಮಿಲಿಮೀಟರ್. ಅಷ್ಟೇ ಕೆಲಸ, ಆದರೆ ಕೈ ಒಂದಿಷ್ಟೂ ನಡುಗುವ ಹಾಗಿಲ್ಲ.

ಪಳಗಿದ ಕೈಯಲ್ಲಿ ಹತ್ತರಲ್ಲಿ ಸುಮಾರು ಒಂಬತ್ತು ಮಂದಿಗೆ ಎರಡು ಗೆರೆಗಳ ಅಂತರ 10 ಡೆಸಿಬೆಲ್ ಒಳಗೆ ಬರುತ್ತದೆ. ನೂರರಲ್ಲಿ ಸುಮಾರು ಒಬ್ಬರಿಗೆ ಆ ಕಿವಿ ಪೂರ್ತಿ ಹೋಗುತ್ತದೆ, ಆಮೇಲೆ ಮಿಷಿನ್ನೂ ಅದಕ್ಕೆ ಉಪಯೋಗಕ್ಕೆ ಬರುವುದಿಲ್ಲ. ಈ ಎರಡೂ ಅಂಕಿಗಳನ್ನು ಒಟ್ಟಿಗೆ ಹಿಡಿದು ಯೋಚಿಸಿ. ಮೊದಲನೆಯದನ್ನು ಮಾತ್ರ ಹೇಳುವ ಸರ್ಜನ್ ಬಳಿ ಎರಡನೆಯದನ್ನು ನೀವೇ ಕೇಳಿ. "ನಿಮ್ಮ ಕೈಯಲ್ಲಿ ವರ್ಷಕ್ಕೆ ಎಷ್ಟು ಆಗುತ್ತವೆ, ಎಷ್ಟು ಕೆಟ್ಟಿವೆ?" ಎಂದು ಕೇಳುವುದು ಅಗೌರವವಲ್ಲ. ನನ್ನ ಸರ್ಜನ್ ಮೇಡಂ ಈ ಪ್ರಶ್ನೆಗೆ ಖುಷಿಯಿಂದ ಉತ್ತರ ಕೊಟ್ಟರು. ಅಲ್ಲೇ ನನಗೆ ನಂಬಿಕೆ ಬಂದದ್ದು.

ತಲೆಸುತ್ತು ಕೆಲವು ದಿನ ಇರುತ್ತದೆ, ಅಪರೂಪಕ್ಕೆ ತಿಂಗಳುಗಟ್ಟಲೆ. ಸಾರವೆ ಹತ್ತಿ ಬಣ್ಣ ಬಳಿಯುವವರು, ಕಂಬ ಹತ್ತುವ ಲೈನ್‌ಮನ್‌ಗಳು ಇದನ್ನು ಗಂಭೀರವಾಗಿ ತೆಗೆದುಕೊಳ್ಳಬೇಕು. ರುಚಿಯ ನರ ಅದೇ ಜಾಗದಲ್ಲಿ ಹಾಯುತ್ತದೆ. ಅದು ಎಳೆದರೆ ನಾಲಿಗೆಯ ಆ ಬದಿಗೆ ಕಬ್ಬಿಣ ನೆಕ್ಕಿದ ರುಚಿ. ನನಗೆ ನಾಲ್ಕು ತಿಂಗಳು ಸಾರಿನ ಉಪ್ಪು ತಿಳಿಯಲಿಲ್ಲ, ನಮ್ಮನೆಯವರೇ ರುಚಿ ನೋಡುತ್ತಿದ್ದರು. ಅಡುಗೆಯೇ ಕಸುಬಾಗಿರುವವರು ಇದನ್ನು ಲೆಕ್ಕಕ್ಕೆ ಇಟ್ಟುಕೊಳ್ಳಿ. ಮೊದಮೊದಲು ಸ್ಟೀಲ್ ತಟ್ಟೆಯ ಸದ್ದು, ಪೇಪರ್ ಮಡಚುವ ಸದ್ದು ಚುಚ್ಚುತ್ತಿತ್ತು. ಅದು ತಾನಾಗಿಯೇ ಹೋಯಿತು. ಗುಂಯ್ ಸದ್ದು ಹಲವರಿಗೆ ಕಡಿಮೆಯಾಗುತ್ತದೆ, ಎಲ್ಲರಿಗೂ ಅಲ್ಲ. ಅದೊಂದೇ ಕಾರಣಕ್ಕೆ ಆಪರೇಷನ್ ಮಾಡಿಸಬೇಡಿ.

ಕೆಲವು ವಾರ ಭಾರ ಎತ್ತಬಾರದು, ಮೂಗು ಜೋರಾಗಿ ಸೀಟಬಾರದು, ಸೀನು ಬಂದರೆ ಬಾಯಿ ತೆರೆದು ಸೀನಬೇಕು, ವಿಮಾನ ಹತ್ತುವ ಮುಂಚೆ ಡಾಕ್ಟರನ್ನು ಕೇಳಬೇಕು. ಗಲ್ಫ್‌ನಿಂದ ರಜೆಗೆ ಬಂದು ಆಪರೇಷನ್ ಮಾಡಿಸಿಕೊಳ್ಳುವವರು ರಜೆಯ ಮೊದಲ ವಾರದಲ್ಲೇ ಮಾಡಿಸಿ. ಮನೆಗೆ ಬಂದ ಮೇಲೆ ಕಿವಿ ಮತ್ತೆ ಮುಚ್ಚುತ್ತ ಹೋಗಿ ತಲೆಸುತ್ತು ಹೆಚ್ಚಿದರೆ ಅವತ್ತೇ ವಾಪಸ್ ಹೋಗಿ. ಪಿಸ್ಟನ್ ಯಾವುದರದ್ದು ಎಂದು ಬರೆದ ಕಾಗದ ಜೋಪಾನ, ಮುಂದೆ ಎಂಆರ್‌ಐ ಮಾಡುವವರು ಕೇಳುತ್ತಾರೆ.

ಯಾರಿಗೆ ಆಪರೇಷನ್ ಬೇಡ? ಕೇಳುವ ಕಿವಿ ಒಂದೇ ಇದ್ದರೆ ಬೇಡ. ಆ ನೂರರಲ್ಲೊಬ್ಬರು ನೀವಾದರೆ ಉಳಿಯುವುದು ಏನೂ ಇಲ್ಲ. ತಮಟೆಯಲ್ಲಿ ತೂತು ಅಥವಾ ಸೋರುವ ಕಿವಿ ಇದ್ದರೆ ಮೊದಲು ಅದು ವಾಸಿಯಾಗಬೇಕು. ಬಸುರಿಯರು ಹೆರಿಗೆಯ ತನಕ ಕಾಯಲಿ. ಎರಡೂ ಕಿವಿ ಕೆಟ್ಟಿದ್ದರೆ ಹೆಚ್ಚು ಕೆಟ್ಟದ್ದಕ್ಕೆ ಮೊದಲು ಮಾಡುತ್ತಾರೆ, ಇನ್ನೊಂದಕ್ಕೆ ಹಲವು ತಿಂಗಳ ನಂತರ. ಒಂದೇ ದಿನ ಎರಡೂ ಮಾಡುತ್ತೇವೆ ಎಂದರೆ ಎದ್ದು ಬನ್ನಿ.

ಖರ್ಚು ಊರು, ಆಸ್ಪತ್ರೆ, ಪಿಸ್ಟನ್ ನೋಡಿ ಬದಲಾಗುತ್ತದೆ. ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆಯ ಇಎನ್‌ಟಿ ವಿಭಾಗದಲ್ಲಿ ಮೊದಲು ವಿಚಾರಿಸಿ. ಬಿಪಿಎಲ್ ಕಾರ್ಡ್ ಇದ್ದವರು ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಆಗುತ್ತದಾ ಎಂದು ಆರೋಗ್ಯಮಿತ್ರರ ಕೌಂಟರಿನಲ್ಲಿ ಕೇಳಿ. ಸ್ವಂತ ವಿಮೆ ಇದ್ದರೆ ಕಾಯುವ ಅವಧಿ ಮುಗಿದಿದೆಯಾ ನೋಡಿಕೊಳ್ಳಿ. ಹತ್ತು ವರ್ಷದ ಲೆಕ್ಕದಲ್ಲಿ ಚೆನ್ನಾಗಿ ಆದ ಆಪರೇಷನ್ ಅನೇಕರಿಗೆ ಮಿಷಿನ್ನಿಗಿಂತ ಅಗ್ಗ. ಆದರೆ ಮುಂದೆ ಮೂಳೆಯ ಗೆರೆ ಇಳಿದರೆ ಅದರ ಮೇಲೆ ಮಿಷಿನ್ನೂ ಬೇಕಾಗಬಹುದು.

ಫ್ಲೋರೈಡ್ ಮಾತ್ರೆ, ದೊಡ್ಡ ಸಾಧನಗಳು

ಸೋಡಿಯಂ ಫ್ಲೋರೈಡ್ ಮಾತ್ರೆಯನ್ನು 1960ರ ದಶಕದಿಂದಲೂ ಕೆಲವರು ಬರೆದುಕೊಡುತ್ತಾರೆ, ರೋಗದ ಓಟ ತಡೆಯಲಿ ಎಂದು. ಹೋದ ಕಿವಿಯನ್ನು ಅದು ತರುವುದಿಲ್ಲ, ತಡೆಯುತ್ತದೆ ಎನ್ನಲೂ ಗಟ್ಟಿ ಪುರಾವೆ ಕಡಿಮೆ. ಪಾವಗಡ, ಕೋಲಾರ, ಮುಂಡರಗಿ ಕಡೆಯವರು ಒಂದು ಮಾತು ಕೇಳಿ: ನಿಮ್ಮ ಬೋರ್‌ವೆಲ್ ನೀರಿನಲ್ಲೇ ಫ್ಲೋರೈಡ್ ಜಾಸ್ತಿ ಇರಬಹುದು. ಮೇಲೆ ಮಾತ್ರೆ ಬೇರೆ ಸೇರಿದರೆ ಹಲ್ಲು, ಮೂಳೆ, ಕೀಲಿಗೆ ತೊಂದರೆ. ನೀರಿನ ವಿಷಯವನ್ನು ಡಾಕ್ಟರಿಗೆ ತಪ್ಪದೆ ಹೇಳಿ.

ಆಪರೇಷನ್ ಆಗದ, ಕಿವಿಯಲ್ಲಿ ಅಚ್ಚು ಕೂರಿಸಲೂ ಆಗದವರಿಗೆ ಮೂಳೆಯ ಮೂಲಕ ಸದ್ದು ಕಳಿಸುವ ಸಾಧನಗಳಿವೆ. ಎರಡೂ ಗೆರೆ ತಳ ಮುಟ್ಟಿ, ಶಕ್ತಿಯುತ ಮಿಷಿನ್ನಿನಲ್ಲೂ ಮಾತು ತಿಳಿಯದವರಿಗೆ ಕಾಕ್ಲಿಯರ್ ಇಂಪ್ಲಾಂಟ್ (ಕಿವಿಯ ನರಕ್ಕೇ ಸದ್ದು ಮುಟ್ಟಿಸಲು ಒಳಕಿವಿಯಲ್ಲಿ ಕೂರಿಸುವ ಸಾಧನ) ಇದೆ. ಲಕ್ಷಗಳ ಮಾತು, ಆದರೆ ಇನ್ನೇನೂ ಉಳಿದಿಲ್ಲ ಎಂದುಕೊಂಡವರಿಗೆ ಅದು ಬಾಗಿಲು ತೆರೆಯುತ್ತದೆ.

ನಾನು ಹೇಗೆ ಆರಿಸಿಕೊಂಡೆ

ನನ್ನ ಎಡಗಿವಿಯ ಗಾಳಿಯ ಗೆರೆ 60ರಲ್ಲಿತ್ತು, ಮೂಳೆಯ ಗೆರೆ 15ರಲ್ಲಿ. ಅಂತರ 45. ಬಲಗಿವಿ ಮಿಷಿನ್ ಇಲ್ಲದೆಯೂ ಒಂದಷ್ಟು ನಡೆಯುತ್ತಿತ್ತು. ಅಂದರೆ ಗಳಿಸುವುದು ಬಹಳ, ಎಡವಿದರೂ ಕೈಹಿಡಿಯಲು ಇನ್ನೊಂದು ಕಿವಿ ಇದೆ. ಹಾಗಾಗಿ ಎಡಕ್ಕೆ ಆಪರೇಷನ್. ಮೂರು ತಿಂಗಳ ನಂತರ ಗಾಳಿಯ ಗೆರೆ 25ಕ್ಕೆ ಬಂತು.

ಬಲಗಿವಿಯ ಅಂತರ 30. ಅದಕ್ಕೂ ಮಾಡಬಹುದು ಎಂದು ಮೇಡಂ ಹೇಳಿದ್ದಾರೆ, ಕಾದರೆ ತಪ್ಪಿಲ್ಲ ಎಂದೂ ಹೇಳಿದ್ದಾರೆ. ಆ ಕಿವಿಗೆ ಮಿಷಿನ್ ಸಾಕಾಗುತ್ತಿದೆ. ಕ್ಲಾಸಿನ ಹಿಂದಿನ ಬೆಂಚಿನ ಪಿಸುಮಾತೂ ಈಗ ಕೇಳುತ್ತದೆ. ಅಮ್ಮನಿಗೆ ಈಗ 71. ಅವರ ಮೂಳೆಯ ಗೆರೆಯೇ 50ಕ್ಕೆ ಇಳಿದಿದೆ. ಅವರಿಗೆ ಎರಡೂ ಕಿವಿಗೆ ಮಿಷಿನ್ ಹಾಕಿಸಿದೆವು. "ಮೂವತ್ತು ವರ್ಷ ಮುಂಚೆ ಯಾರಾದರೂ ಹೇಳಬಾರದಿತ್ತೇನೇ" ಎಂದರು.

ನನ್ನ ಮುಂದಿನ ಆಡಿಯೋಗ್ರಾಮ್ ಬೇಸಿಗೆ ರಜೆಯಲ್ಲಿ. ಈ ಸಲ ತಂಗಿಯನ್ನೂ ಕರೆದುಕೊಂಡು ಹೋಗುತ್ತಿದ್ದೇನೆ. ಅವಳು ಇತ್ತೀಚೆಗೆ ಮೆಲ್ಲಗೆ ಮಾತಾಡಲು ಶುರು ಮಾಡಿದ್ದಾಳೆ.